ಕೈಪಿಡಿಗೆ ಎರಡು ಬಣ್ಣ ಸಾಕು

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಹತ್ತನೇ ತರಗತಿ ದಾಟುವ ಹೊತ್ತಿಗೆ ಲಿನಕ್ಸ್ ಕಂಪ್ಯೂಟರಿನ ಮುಂದೆ ಕೆಲವು ವರ್ಷ ಕೂತೆದ್ದಿರುತ್ತಾರೆ. ಇದು ಕೇರಳದ ಶಾಲಾ ವ್ಯವಸ್ಥೆಯ ಕೊಡುಗೆ. 2001ರ ಸುಮಾರಿಗೆ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ ಆ ದಶಕದೊಳಗೇ ಶಾಲೆಯ ಲ್ಯಾಬುಗಳನ್ನು ಮುಕ್ತ ತಂತ್ರಾಂಶದ ಕಡೆಗೆ ತಿರುಗಿಸಿತು. 2017ರಲ್ಲಿ ಅದು ಕೈಟ್ ಎಂಬ ಸರ್ಕಾರಿ ಕಂಪನಿಯಾಯಿತು, 2018ರಲ್ಲಿ ಹೈಸ್ಕೂಲುಗಳಿಗೆ ಲಿಟ್ಲ್ ಕೈಟ್ಸ್ ಕ್ಲಬ್ಬುಗಳು ಬಂದವು. ಶಾಲೆಗಳಿಗೆ ಸಿಗುವ ಕೈಟ್ ಗ್ನೂ ಲಿನಕ್ಸ್ ಉಬುಂಟುವಿನ ಮೇಲೆ ಕಟ್ಟಿದ ವ್ಯವಸ್ಥೆ. ಐಸಿಟಿ ಪಾಠಪುಸ್ತಕ ಕನ್ನಡದಲ್ಲೂ ಅಚ್ಚಾಗುತ್ತದೆ. ಅಲ್ಲಿಂದ ಮುಂದೆ ವಿದ್ಯಾನಗರದ ಸರ್ಕಾರಿ ಕಾಲೇಜಿಗೋ ಪೊವ್ವಲ್‌ನ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜಿಗೋ ಹೋಗುವ ವಿದ್ಯಾರ್ಥಿಗೆ ಕಂಪ್ಯೂಟರಿನ ಚಿತ್ರಗಳು, ಮೆನುಗಳು ಹೊಸತಲ್ಲ. ಹೊಸತಾಗುವುದು ಟರ್ಮಿನಲ್. ಅದಕ್ಕಿಂತ ಹೆಚ್ಚಾಗಿ, ಟರ್ಮಿನಲ್ಲಿನೊಳಗೇ ಕೂತಿರುವ ಕೈಪಿಡಿ.

ಮ್ಯಾನ್ ಎಂಬ ಆದೇಶ ಕೊಟ್ಟು, ಜೊತೆಗೆ ಬೇರೊಂದು ಆದೇಶದ ಹೆಸರು ಬರೆದು ಎಂಟರ್ ಒತ್ತಿದರೆ ಆ ಆದೇಶದ ಪೂರ್ತಿ ವಿವರ ತೆರೆಯ ಮೇಲೆ ಬರುತ್ತದೆ. ಇಂಟರ್ನೆಟ್ ಬೇಡ. ಆಟಿ ತಿಂಗಳ ಮಳೆಗೆ ನೆಟ್‌ವರ್ಕ್ ಸತ್ತು ಮಲಗಿದ್ದರೂ ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೈಪಿಡಿ ಓದಬಹುದು. ಇಷ್ಟು ಒಳ್ಳೆಯ ಸಾಮಾನನ್ನು ವಿದ್ಯಾರ್ಥಿಗಳು ಒಮ್ಮೆ ನೋಡಿ ಓಡಿಹೋಗುವುದು ಏಕೆ? ಭಾಷೆ ಇಂಗ್ಲಿಷ್ ಎಂಬುದು ಅರ್ಧ ಉತ್ತರ. ಇನ್ನರ್ಧ, ಆ ಪುಟ ಕಣ್ಣಿಗೆ ಒಂದೇ ಗೋಡೆಯ ಹಾಗೆ ಕಾಣುತ್ತದೆ: ಕಡು ಹಿನ್ನೆಲೆ, ಬಿಳಿ ಅಕ್ಷರ, ಮೇಲಿಂದ ಕೆಳಗಿನವರೆಗೆ ಒಂದೇ ನಮೂನೆ. ಆ ಗೋಡೆಗೆ ಎರಡು ಬಣ್ಣ ಬಳಿಯುವುದು ಹೇಗೆ ಎಂಬುದು ಈ ಲೇಖನದ ವಿಷಯ. ಹತ್ತು ನಿಮಿಷದ ಕೆಲಸ.

ಒಂದು ಮಾತು ಮೊದಲೇ. ಇಲ್ಲಿ ಆದೇಶಗಳನ್ನು ಕನ್ನಡ ಲಿಪಿಯಲ್ಲೇ, ಲ್ಯಾಬಿನಲ್ಲಿ ಮೇಷ್ಟರು ಹೇಳಿ ಬರೆಸುವ ಹಾಗೆ ಕೊಟ್ಟಿದ್ದೇನೆ. ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಒತ್ತಬೇಕು. ಯಾವುದು ದೊಡ್ಡಕ್ಷರ, ಯಾವುದು ಸಣ್ಣಕ್ಷರ ಎಂದು ಅಲ್ಲಲ್ಲಿ ಹೇಳುತ್ತೇನೆ. ಲಿನಕ್ಸಿಗೆ ಅವೆರಡೂ ಬೇರೆ ಬೇರೆ. ಏನೂ ಹೇಳದ ಕಡೆ ಎಲ್ಲ ಸಣ್ಣಕ್ಷರ.

ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಹೀಗೆ ಬರೆಯಿರಿ:

ಮ್ಯಾನ್ ಎಲ್‌ಎಸ್

ಕಡತಗಳ ಪಟ್ಟಿ ತೋರಿಸುವ ಎಲ್‌ಎಸ್ ಆದೇಶದ ಪುಟ ಬಂತು. ಸ್ಪೇಸ್ ಒತ್ತಿದರೆ ಮುಂದಿನ ಪುಟ, ಬಿ ಒತ್ತಿದರೆ ಹಿಂದಿನದು. ಓರೆಗೆರೆ ಒತ್ತಿ ಒಂದು ಪದ ಬರೆದು ಎಂಟರ್ ಕೊಟ್ಟರೆ ಆ ಪದ ಹುಡುಕುತ್ತದೆ, ಎನ್ ಒತ್ತಿದರೆ ಅದೇ ಪದ ಮತ್ತೆಲ್ಲಿದೆ ಎಂದು ಮುಂದಕ್ಕೆ ಹೋಗುತ್ತದೆ. ಹೊರಬರಲು ಕ್ಯೂ. ಹೊಸಬರು ಹೊರಬರುವ ದಾರಿ ಗೊತ್ತಿಲ್ಲದೆ ಕಿಟಕಿಯನ್ನೇ ಮುಚ್ಚುವುದುಂಟು. ಕ್ಯೂ ಒಂದು ನೆನಪಿದ್ದರೆ ಸಾಕು.

ಈಗ ಪುಟವನ್ನು ಸ್ವಲ್ಪ ಗಮನವಿಟ್ಟು ನೋಡಿ. ಎಲ್ಲವೂ ಒಂದೇ ನಮೂನೆ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕೆಲವು ಪದಗಳು ದಪ್ಪಕ್ಕಿವೆ, ಕೆಲವಕ್ಕೆ ಅಡಿಗೆರೆ ಇದೆ. ಅದು ಅಲಂಕಾರವಲ್ಲ, ಒಪ್ಪಂದ. ದಪ್ಪಕ್ಷರದಲ್ಲಿರುವುದನ್ನು ಇದ್ದಂತೆಯೇ ಟೈಪ್ ಮಾಡಬೇಕು. ಅಡಿಗೆರೆ ಇರುವುದರ ಜಾಗದಲ್ಲಿ ನಿಮ್ಮದನ್ನು ಹಾಕಬೇಕು. ಚೌಕ ಆವರಣದ ಒಳಗಿರುವುದು ಬೇಕಿದ್ದರೆ ಮಾತ್ರ. ಮೂರು ಚುಕ್ಕಿ ಇದ್ದರೆ ಹಿಂದಿನದನ್ನು ಎಷ್ಟು ಸಲವಾದರೂ ಕೊಡಬಹುದು. ನಡುವೆ ನೆಟ್ಟಗೆರೆ ಇದ್ದರೆ ಎರಡರಲ್ಲಿ ಒಂದೇ. ಮ್ಯಾನ್ ಆದೇಶಕ್ಕೇ ಒಂದು ಕೈಪಿಡಿ ಪುಟವಿದೆ, ಮ್ಯಾನ್ ಮ್ಯಾನ್ ಎಂದು ಕೊಟ್ಟರೆ ಬರುತ್ತದೆ. ಈ ಒಪ್ಪಂದವೆಲ್ಲ ಅದರ ಮೊದಲ ತೆರೆಯ ಆಸುಪಾಸಿನಲ್ಲೇ ಸಿಗುತ್ತದೆ.

ಯಕ್ಷಗಾನ ಪ್ರಸಂಗದ ಪುಸ್ತಕ ನೋಡಿದವರಿಗೆ ಇದು ಕಷ್ಟವಲ್ಲ. ಪದ್ಯದ ತಲೆಯ ಮೇಲೆ ಸೌರಾಷ್ಟ್ರ, ತ್ರಿವುಡೆ ಎಂದು ಅಚ್ಚಾಗಿರುತ್ತದೆ. ಭಾಗವತರು ಅದನ್ನು ಹಾಡುವುದಿಲ್ಲ, ಅದರಂತೆ ಹಾಡುತ್ತಾರೆ. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗವನ್ನು ರಾಗತಾಳದ ಹೆಸರು, ಪದ್ಯ ಎರಡೂ ಕಲಸಿಹೋಗುವಂತೆ ಅಚ್ಚು ಮಾಡಿದರೆ ಕಲಿಯುವ ಹುಡುಗ ಯಾವುದನ್ನು ಹಾಡಬೇಕು, ಯಾವುದನ್ನು ಪಾಲಿಸಬೇಕು ಎಂದು ತಡಕಾಡಬೇಕಾಗುತ್ತದೆ. ಟರ್ಮಿನಲ್ಲಿನ ಪುಟದಲ್ಲಿ ನಡೆಯುವುದೂ ಅಷ್ಟೇ. ದಪ್ಪವೂ ತೆಳುವೂ ಹತ್ತಿರ ಹತ್ತಿರ ಕಾಣುವ ಫಾಂಟು, ಅಡಿಗೆರೆ ಎಲ್ಲಿದೆ ಎಂದು ಹುಡುಕಬೇಕಾದ ಸಣ್ಣ ತೆರೆ.

ಎಲ್‌ಎಸ್‌ನ ಪುಟದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಅಲ್ಲಿ ಬ್ಲಾಕ್-ಸೈಜ್ ಎಂಬ ಆಯ್ಕೆ, ಅದರ ಮುಂದೆ ಸಮ ಚಿಹ್ನೆ, ಆಮೇಲೆ ದೊಡ್ಡಕ್ಷರದಲ್ಲಿ ಸೈಜ್ ಎಂದಿದೆ. ಮೊದಲ ಭಾಗ ದಪ್ಪ, ಕೊನೆಯ ಸೈಜ್‌ಗೆ ಅಡಿಗೆರೆ. ಅಂದರೆ ಸೈಜ್ ಎಂಬ ಜಾಗದಲ್ಲಿ ಕೆ ಎಂದೋ ಎಂ ಎಂದೋ ಹಾಕಿ, ಅಳತೆ ಕಿಲೋಬೈಟಿನಲ್ಲಿ ಬೇಕೋ ಮೆಗಾಬೈಟಿನಲ್ಲಿ ಬೇಕೋ ಹೇಳಬೇಕು. ಇದು ಕಾಣದವರು ಸೈಜ್ ಎಂಬ ಪದವನ್ನೇ ಟೈಪ್ ಮಾಡುತ್ತಾರೆ. ಕಂಪ್ಯೂಟರು ‘ಸೈಜ್’ ಸರಿಯಾದ ಮೌಲ್ಯವಲ್ಲ ಎಂದು ಬೈಯುತ್ತದೆ. ವಿದ್ಯಾರ್ಥಿ ಅಂದುಕೊಳ್ಳುವುದು: ಕೈಪಿಡಿಯಲ್ಲಿದ್ದಂತೆಯೇ ಹಾಕಿದೆ, ಆದರೂ ತಪ್ಪು, ಇದು ನನಗಾಗುವ ಕೆಲಸವಲ್ಲ. ಇಂಗ್ಲಿಷ್ ವಿವರಣೆ ಸರಾಗವಾಗಿ ಓದಬಲ್ಲವನು ಈ ಗುಂಡಿಯನ್ನು ವಾಕ್ಯದ ಬಲದಿಂದ ದಾಟುತ್ತಾನೆ. ಕನ್ನಡದಲ್ಲಿ ಕಲಿತು ಬಂದವನಿಗೆ ಗುರುತೇ ದಿಕ್ಕು. ಹಾಗಾಗಿ ಬಣ್ಣ ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವನಿಗೆ.

ಈ ದಪ್ಪ, ಅಡಿಗೆರೆಗಳ ಹಿಂದಿನ ಕಥೆ ಗೊತ್ತಿದ್ದರೆ ಮುಂದಿನ ಕೆಲಸ ಸುಲಭ. ಯುನಿಕ್ಸಿನ ಮೊದಲ ಕೈಪಿಡಿಗೆ 1971ರ ನವೆಂಬರ್ 3ರ ದಿನಾಂಕವಿದೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಬರೆದದ್ದು. ಬರೆಯಲೇಬೇಕೆಂದು ಬೆನ್ನು ಹತ್ತಿದವರು ಡಗ್ ಮೆಕ್‌ಇಲ್ರಾಯ್. ಆಗ ಕಂಪ್ಯೂಟರಿಗೆ ತೆರೆ ಎಂದರೆ ಟೆಲಿಟೈಪ್, ಅಂದರೆ ಕಾಗದದ ಸುರುಳಿಯ ಮೇಲೆ ಬಡಿದು ಬರೆಯುವ ಯಂತ್ರ. ಅದರಲ್ಲಿ ದಪ್ಪಕ್ಷರ ಮೂಡಿಸುವ ಉಪಾಯ ಟೈಪ್‌ರೈಟರ್ ಬಲ್ಲವರಿಗೆಲ್ಲ ಗೊತ್ತಿರುವುದೇ: ಅಕ್ಷರ ಬಡಿ, ಒಂದು ಹೆಜ್ಜೆ ಹಿಂದೆ ಬಾ, ಅದೇ ಅಕ್ಷರವನ್ನು ಅದೇ ಜಾಗದಲ್ಲಿ ಮತ್ತೆ ಬಡಿ. ಅಡಿಗೆರೆಗೆ, ಗೆರೆ ಬಡಿ, ಹಿಂದೆ ಬಾ, ಅಕ್ಷರ ಬಡಿ.

ಸೋಜಿಗವೆಂದರೆ ಇವತ್ತಿಗೂ ನಿಮ್ಮ ಲ್ಯಾಪ್‌ಟಾಪಿನೊಳಗೆ ಇದೇ ನಡೆಯುತ್ತಿದೆ. ನಂಬಿಕೆ ಬಾರದಿದ್ದರೆ ಹೀಗೆ ಕೊಟ್ಟು ನೋಡಿ:

ಮ್ಯಾನ್_ಕೀಪ್_ಫಾರ್ಮ್ಯಾಟಿಂಗ್=1 ಮ್ಯಾನ್ ಎಲ್‌ಎಸ್ | ಕ್ಯಾಟ್ -ವಿ | ಹೆಡ್

ಸಮ ಚಿಹ್ನೆಯ ಎಡಕ್ಕಿರುವುದೆಲ್ಲ ದೊಡ್ಡಕ್ಷರ, ಪದಗಳ ನಡುವೆ ಅಡಿಗೆರೆ, ಸಮ ಚಿಹ್ನೆಯ ಅಕ್ಕಪಕ್ಕ ಖಾಲಿ ಜಾಗ ಬೇಡ. ಉಬುಂಟುವಿನಲ್ಲಾದರೆ ‘ನೇಮ್’ ಎಂಬ ತಲೆಬರಹದ ಜಾಗದಲ್ಲಿ ಎನ್, ಟೋಪಿ ಗುರುತು, ಎಚ್, ಮತ್ತೆ ಎನ್, ಆಮೇಲೆ ಎ, ಟೋಪಿ ಗುರುತು, ಎಚ್, ಎ ಎಂದು ಜೋಡಿ ಜೋಡಿಯಾಗಿ ಕಾಣುತ್ತದೆ. ಟೋಪಿ ಹಾಕಿದ ಎಚ್ ಎಂದರೆ ಒಂದು ಹೆಜ್ಜೆ ಹಿಂದೆ ಬಾ. ಬಡಿಯಲು ಸುತ್ತಿಗೆಯೂ ಇಲ್ಲ, ಕಾಗದವೂ ಇಲ್ಲ. ಆದರೂ ಪುಟ ಸಿದ್ಧಪಡಿಸುವ ಗ್ರಾಫ್ ಎಂಬ ಪ್ರೋಗ್ರಾಂ ಟೆಲಿಟೈಪಿಗೆ ಹೇಳಿದಂತೆಯೇ ಹೇಳುತ್ತದೆ. ಅದನ್ನು ಕೇಳಿಸಿಕೊಂಡು ತೆರೆಗೆ ತಕ್ಕಂತೆ ಬದಲಿಸುವುದು ಪುಟ ತೋರಿಸುವ ಪ್ರೋಗ್ರಾಮಿನ ಕೆಲಸ. ಸಾಮಾನ್ಯವಾಗಿ ಅದು ಲೆಸ್. ಮಾರ್ಕ್ ನುಡೆಲ್‌ಮನ್ ಎಂಬವರು 1980ರ ದಶಕದಲ್ಲಿ ಬರೆದು ಇಂದಿಗೂ ಪೋಷಿಸುತ್ತಿರುವುದು.

ನಾವು ಕೈಯಿಡಬೇಕಾದದ್ದು ಲೆಸ್‌ನ ಮೇಲೆ ಮಾತ್ರ. ‘ಎರಡು ಸಲ ಬಡಿದದ್ದು ಕಂಡರೆ ದಪ್ಪ ಮಾಡುವುದರ ಜೊತೆಗೆ ಹಳದಿಯನ್ನೂ ಹಚ್ಚು, ಗೆರೆಯ ಮೇಲೆ ಬಡಿದದ್ದು ಕಂಡರೆ ಅಡಿಗೆರೆಯ ಜೊತೆಗೆ ತಿಳಿನೀಲಿ ಹಚ್ಚು’ ಎಂದು ಅದಕ್ಕೆ ಹೇಳಿದರೆ ಮುಗಿಯಿತು. ಕೈಪಿಡಿಯ ಕಡತಗಳಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ.

ಮೊದಲು ಲೆಸ್ ಎಷ್ಟು ಹಳೆಯದು ಎಂದು ನೋಡಬೇಕು.

ಲೆಸ್ --ವರ್ಶನ್

ಮೊದಲ ಸಾಲಿನಲ್ಲೇ ಒಂದು ಸಂಖ್ಯೆ ಇರುತ್ತದೆ. 581 ಅಥವಾ ಅದಕ್ಕಿಂತ ಹೆಚ್ಚಿದ್ದರೆ ದಾರಿ ಸಲೀಸು. ಉಬುಂಟು 22.04ರ ಆಧಾರದ ವ್ಯವಸ್ಥೆಯಲ್ಲಿ 590 ಇದೆ. ಶಾಲೆಗಳಲ್ಲಿ ಉಳಿದಿರುವ 18.04 ಆಧಾರದ ಹಳೆಯ ಯಂತ್ರಗಳಲ್ಲಿ 487. ಅದರ ಉಪಾಯ ಬೇರೆ, ಕೊಂಚ ಕೆಳಗೆ ಹೇಳುತ್ತೇನೆ.

ಹೊಸ ಲೆಸ್ ಇದ್ದವರು ಹೀಗೆ ಬರೆಯಿರಿ:

ಎಕ್ಸ್‌ಪೋರ್ಟ್ ಮ್ಯಾನ್‌ಪೇಜರ್="ಲೆಸ್ -ಆರ್ --ಯೂಸ್-ಕಲರ್ -ಡಿಡಿ+ವೈ -ಡಿಯು+ಸಿ"

ಇದನ್ನು ಬಿಡಿಸಿ ಹೇಳಬೇಕು. ಮ್ಯಾನ್‌ಪೇಜರ್‌ನ ಎಂಟೂ ಅಕ್ಷರ ದೊಡ್ಡವು, ಒಂದೇ ಪದ. ಆರ್ ಕೂಡ ದೊಡ್ಡದು. ಬಣ್ಣದ ಸಂಕೇತಗಳು ಬಂದರೆ ಅಕ್ಷರವಾಗಿ ತೋರಿಸದೆ ಬಣ್ಣವಾಗಿಯೇ ಬಿಡು ಎಂದು ಅದರ ಅರ್ಥ. ಯೂಸ್-ಕಲರ್‌ನ ಹಿಂದೆ ಎರಡು ಅಡ್ಡಗೆರೆ. ಕಲರ್ ಎಂಬುದನ್ನು ಅಮೆರಿಕದವರ ಹಾಗೆ, ಯು ಇಲ್ಲದೆ ಬರೆಯಬೇಕು. ನಮ್ಮಲ್ಲಿ ಬ್ರಿಟಿಷ್ ಕಾಗುಣಿತ ಕಲಿತವರ ಆದೇಶ ಹೆಚ್ಚಾಗಿ ಎಡವುವುದು ಈ ಯು ಮೇಲೆ. ಆಮೇಲಿನ ಎರಡು ತುಂಡುಗಳಲ್ಲಿ ಮೊದಲ ಡಿ ದೊಡ್ಡದು, ಮಿಕ್ಕವು ಸಣ್ಣವು. ದೊಡ್ಡ ಡಿ ಎಂದರೆ ಬಣ್ಣ ಹಚ್ಚು. ಅದರ ಪಕ್ಕದ ಸಣ್ಣ ಡಿ ದಪ್ಪಕ್ಷರವನ್ನೂ ಯು ಅಡಿಗೆರೆಯನ್ನೂ ಸೂಚಿಸುತ್ತವೆ. ಕೊನೆಯ ವೈ ಹಳದಿ, ಸಿ ತಿಳಿನೀಲಿ. ನಡುವಿನ ಕೂಡುವ ಚಿಹ್ನೆಯನ್ನು ಬಿಡಬೇಡಿ. ಅದರ ಮಹಿಮೆ ಮುಂದೆ ಬರುತ್ತದೆ.

ಎಂಟರ್ ಒತ್ತಿ, ಮತ್ತೆ ಮ್ಯಾನ್ ಎಲ್‌ಎಸ್ ಕೊಡಿ. ಎಲ್‌ಎಸ್ ಎಂಬ ಹೆಸರು, ಅಡ್ಡಗೆರೆಯಿಂದ ಶುರುವಾಗುವ ಆಯ್ಕೆಗಳು ಹಳದಿಯಾಗಿ ಎದ್ದು ನಿಂತವು. ಆಪ್ಶನ್, ಫೈಲ್, ಸೈಜ್ ಎಂಬ ಖಾಲಿ ಪೀಠಗಳು ತಿಳಿನೀಲಿಯಾದವು. ಹಳದಿಯನ್ನು ನಕಲು ಮಾಡು, ನೀಲಿಯ ಜಾಗದಲ್ಲಿ ನಿನ್ನದನ್ನು ಹಾಕು. ವಿದ್ಯಾರ್ಥಿಗೆ ಹೇಳಬೇಕಾದ ಪಾಠ ಇಷ್ಟೇ, ಅದನ್ನು ಅಚ್ಚ ಕನ್ನಡದಲ್ಲಿ ಹೇಳಬಹುದು. ನಕಲು ಮಾಡುವ ಸಿಪಿ ಆದೇಶದ ಪುಟ ತೆರೆಯಿರಿ: ಸಿಪಿ ಹಳದಿ, ಸೋರ್ಸ್, ಡೆಸ್ಟ್ ಎರಡೂ ನೀಲಿ. ಯಾವ ಕಡತ, ಎಲ್ಲಿಗೆ ಎಂದು ನೀವು ತುಂಬಬೇಕು. ಇಂಗ್ಲಿಷ್ ವಾಕ್ಯ ಓದುವ ಮೊದಲೇ ಆದೇಶದ ಆಕಾರ ಕಂಡಿತು.

ಕೆಲವರ ತೆರೆಯಲ್ಲಿ ಬಣ್ಣ ಬಾರದೆ ಮೊದಲಿನಂತೆಯೇ ಇರಬಹುದು. ಫೆಡೋರಾ, ಆರ್ಚ್‌ನಂಥ ಲಿನಕ್ಸ್ ಬಳಸುವವರಿಗೆ ಹೀಗಾಗುತ್ತದೆ. ಅಲ್ಲಿ ಗ್ರಾಫ್ ಟೆಲಿಟೈಪಿನ ಭಾಷೆ ಬಿಟ್ಟು, ದಪ್ಪ ಮಾಡು, ಅಡಿಗೆರೆ ಹಾಕು ಎಂಬ ಹೊಸ ಕಾಲದ ಸಂಕೇತವನ್ನೇ ನೇರವಾಗಿ ಕಳಿಸುತ್ತದೆ. ಲೆಸ್‌ಗೆ ಬದಲಿಸಲು ಏನೂ ಉಳಿಯುವುದಿಲ್ಲ. ಮದ್ದು ಒಂದೇ ಸಾಲು:

ಎಕ್ಸ್‌ಪೋರ್ಟ್ ಗ್ರಾಫ್_ನೋ_ಎಸ್‌ಜಿಆರ್=1

ಗ್ರಾಫ್ ಸೇರಿ ಅಲ್ಲಿಂದ ಆಚೆಗೆಲ್ಲ ದೊಡ್ಡಕ್ಷರ. ಗ್ರಾಫ್ ಎಂಬಲ್ಲಿ ಕೊನೆಗೆ ಎರಡು ಎಫ್, ಮೊದಲಿಗೆ ಜಿ, ಆರ್, ಓ. ಹಳೆಯ ಭಾಷೆಯಲ್ಲೇ ಮಾತಾಡು ಎಂದು ಅದಕ್ಕೆ ಹೇಳಿದಂತಾಯಿತು. ಡೆಬಿಯನ್, ಉಬುಂಟು ಬಳಗದಲ್ಲಿ ಇದು ಮೊದಲೇ ಹಾಗಿರುವುದರಿಂದ ಕೈಟ್ ಲ್ಯಾಪ್‌ಟಾಪಿಗೆ ಈ ಸಾಲು ಬೇಕಿಲ್ಲ.

ಇಷ್ಟು ಮಾಡಿದ್ದು ಆ ಕಿಟಕಿ ಮುಚ್ಚುವವರೆಗೆ ಮಾತ್ರ ಇರುತ್ತದೆ. ಇದು ಒಳ್ಳೆಯದೇ, ಪ್ರಯೋಗ ಮಾಡಿ ಇಷ್ಟವಾಗದಿದ್ದರೆ ಕಿಟಕಿ ಮುಚ್ಚಿ ಎದ್ದು ಹೋಗಬಹುದು. ಶಾಶ್ವತ ಮಾಡಲು ಅದೇ ಸಾಲನ್ನು ನಿಮ್ಮ ಮನೆ ಫೋಲ್ಡರಿನಲ್ಲಿ ಅಡಗಿರುವ, ಚುಕ್ಕಿಯಿಂದ ಶುರುವಾಗುವ ಬ್ಯಾಶ್‌ಆರ್‌ಸಿ ಕಡತದ ಕೊನೆಗೆ ಸೇರಿಸಬೇಕು. ಮೊದಲು ಅದರ ಪ್ರತಿ ತೆಗೆದಿಡಿ:

ಸಿಪಿ ~/.ಬ್ಯಾಶ್‌ಆರ್‌ಸಿ ~/.ಬ್ಯಾಶ್‌ಆರ್‌ಸಿ.ಹಳೆ

ಕೊನೆಯ ಹಳೆ ಎಂಬುದಕ್ಕೆ ನಿಮಗೆ ಬೇಕಾದ ಇಂಗ್ಲಿಷ್ ಹೆಸರು ಕೊಡಿ. ಬಳಿಕ ನ್ಯಾನೋ ಎಂಬ ಸಂಪಾದಕದಲ್ಲಿ ಅದನ್ನು ತೆರೆದು, ಕೊನೆಯ ಸಾಲಿಗೆ ಹೋಗಿ ಮ್ಯಾನ್‌ಪೇಜರ್ ಸಾಲನ್ನು ಬರೆದು, ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್ ಒತ್ತಿ ಹೊರಬನ್ನಿ. ಹೊಸ ಟರ್ಮಿನಲ್ ತೆರೆದರೆ ಬಣ್ಣ ಸಿದ್ಧ. ಲೆಸ್ ಎಂಬ ಹೆಸರಿನದೇ ಒಂದು ಚರಾಂಶವಿದೆ, ಬಣ್ಣದ ಆಯ್ಕೆಯನ್ನು ಅದರಲ್ಲಿ ಹಾಕುವ ಸಲಹೆಯೂ ಚಾಲ್ತಿಯಲ್ಲಿದೆ. ಹಾಗೆ ಮಾಡಿದರೆ ಲೆಸ್ ಬಳಸುವ ಬೇರೆಲ್ಲ ಪ್ರೋಗ್ರಾಮುಗಳಿಗೂ ಅದು ತಗಲುತ್ತದೆ. ಕೈಪಿಡಿಗೆ ಬೇಕಾದದ್ದು ಕೈಪಿಡಿಗಷ್ಟೇ ಇರಲಿ ಎಂಬುದು ನನ್ನ ಮತ. ಲ್ಯಾಬಿನ ಯಂತ್ರವಾದರೆ ಮೇಷ್ಟರನ್ನು ಕೇಳಿಯೇ ಮಾಡಿ, ಅದು ನಾಲ್ಕು ಜನ ಕೂರುವ ಜಾಗ.

ಹಳೆಯ ಲೆಸ್ ಇರುವವರಿಗೆ ಹೇಳಿದ್ದ ಉಪಾಯ ಇಲ್ಲಿದೆ. ಅದಕ್ಕೆ ದೊಡ್ಡ ಡಿ ಆಯ್ಕೆ ಲಿನಕ್ಸಿನಲ್ಲಿ ತಿಳಿಯದು. ಆದರೆ ದಪ್ಪ ಶುರು, ದಪ್ಪ ಮುಗಿ, ಅಡಿಗೆರೆ ಶುರು, ಅಡಿಗೆರೆ ಮುಗಿ ಎಂಬ ಸಂದರ್ಭಗಳಲ್ಲಿ ಟರ್ಮಿನಲ್ಲಿಗೆ ಯಾವ ಸಂಕೇತ ಕಳಿಸಬೇಕು ಎಂದು ಹೇಳಿಕೊಡಬಹುದು. ಚರಾಂಶಗಳ ಹೆಸರು ಲೆಸ್_ಟರ್ಮ್‌ಕ್ಯಾಪ್ ಎಂದು ದೊಡ್ಡಕ್ಷರದಲ್ಲಿ ಶುರುವಾಗಿ, ಅಡಿಗೆರೆ ಹಾಕಿ, ಸಣ್ಣಕ್ಷರದ ಜೋಡಿಯಲ್ಲಿ ಮುಗಿಯುತ್ತದೆ: ದಪ್ಪದ ಆರಂಭಕ್ಕೆ ಎಂಡಿ, ಅಂತ್ಯಕ್ಕೆ ಎಂಇ, ಅಡಿಗೆರೆಯ ಆರಂಭಕ್ಕೆ ಯುಎಸ್, ಅಂತ್ಯಕ್ಕೆ ಯುಇ. ಮೊದಲನೆಯದು ಹೀಗೆ:

ಎಕ್ಸ್‌ಪೋರ್ಟ್ ಲೆಸ್_ಟರ್ಮ್‌ಕ್ಯಾಪ್_ಎಂಡಿ=$'\ಇ[1;33ಎಂ'

ಡಾಲರ್, ಒಂಟಿ ಉದ್ಧರಣ, ಹಿಂದೋರೆಗೆರೆ, ಸಣ್ಣ ಇ, ಚೌಕ ಆವರಣದ ಎಡಗೈ, ಒಂದು, ಅರ್ಧವಿರಾಮ, ಮೂವತ್ತಮೂರು, ಸಣ್ಣ ಎಂ, ಒಂಟಿ ಉದ್ಧರಣ. ಅಡಿಗೆರೆಯ ಆರಂಭಕ್ಕೆ ಸಂಖ್ಯೆಗಳು 4;36 ಆಗುತ್ತವೆ. ಎರಡೂ ಅಂತ್ಯಗಳಿಗೆ ಬರೀ 0. ಇಲ್ಲಿ 1 ದಪ್ಪ, 4 ಅಡಿಗೆರೆ, 33 ಹಳದಿ, 36 ತಿಳಿನೀಲಿ. ಎಸ್ಕೇಪ್ ಎಂಬ 27ನೇ ಸಂಖ್ಯೆಯ ಕಾಣದ ಅಕ್ಷರದಿಂದ ಶುರುವಾಗುವ ಈ ಸಂಕೇತ ಪದ್ಧತಿ 1970ರ ದಶಕದಲ್ಲಿ ಪ್ರಮಾಣವಾದದ್ದು. 1978ರ ವಿಟಿ100 ಟರ್ಮಿನಲ್ ಅದನ್ನು ಮನೆಮಾತಾಗಿಸಿತು. ವಿಟಿ100ರಲ್ಲಿ ಬಣ್ಣವೇ ಇರಲಿಲ್ಲ ಎಂಬುದು ಬೇರೆ ಮಾತು.

ಯಾವ ಬಣ್ಣ ಎಂಬುದಕ್ಕೆ ಬರೋಣ. ಇಲ್ಲಿ ರುಚಿಯ ಪ್ರಶ್ನೆ ಕಡಿಮೆ, ಕಣ್ಣಿನ ಪ್ರಶ್ನೆ ಹೆಚ್ಚು.

ಉಬುಂಟುವಿನ ಟರ್ಮಿನಲ್ ಕಡು ನೇರಳೆ ಹಿನ್ನೆಲೆಯದು. ಅದರ ಮೇಲೆ ಹಳದಿ, ತಿಳಿನೀಲಿ, ಹಸಿರು ಚೆನ್ನಾಗಿ ಕಾಣುತ್ತವೆ. ಬಿ ಎಂಬ ಅಕ್ಷರದಿಂದ ಬರುವ ಕಡುನೀಲಿ ಮುಳುಗಿಹೋಗುತ್ತದೆ. ಬಿಳಿ ಹಿನ್ನೆಲೆ ಇಟ್ಟುಕೊಂಡವರಿಗೆ ತಿರುವುಮುರುವು: ಹಳದಿ ಕಾಣುವುದೇ ಇಲ್ಲ, ಕಡುನೀಲಿಯೂ ಎಂ ಅಕ್ಷರದ ಕೆನ್ನೇರಳೆಯೂ ಸರಿಹೋಗುತ್ತವೆ. ಪ್ರೊಜೆಕ್ಟರಿನಲ್ಲಿ ತರಗತಿಗೆ ತೋರಿಸುವುದಿದ್ದರೆ ಬಿಳಿ ಹಿನ್ನೆಲೆಯೇ ಮೇಲು. ಕಿಟಕಿಯಿಂದ ಬರುವ ಹಗಲ ಬೆಳಕಿನಲ್ಲಿ ಕಡು ತೆರೆ ತೊಳೆದುಹೋಗುತ್ತದೆ. ಇನ್ನೊಂದು ಸೂಕ್ಷ್ಮವಿದೆ. ವೈ ಎಂದರೆ ಹಳದಿ ಎಂದೆನಾದರೂ, ಯಾವ ಹಳದಿ ಎಂದು ತೀರ್ಮಾನಿಸುವುದು ಟರ್ಮಿನಲ್ಲಿನ ಬಣ್ಣದ ಪಟ್ಟಿ. ಮೊದಲ 16 ಬಣ್ಣಗಳೂ ಹಾಗೆಯೇ, ಅಲ್ಲಿ ಪಟ್ಟಿ ಬದಲಿಸಿದರೆ ಪುಟದ ಬಣ್ಣವೂ ಬದಲಾಗುತ್ತದೆ. ಗೆಳೆಯನ ಯಂತ್ರದಲ್ಲಿ ಚಿನ್ನದಂತೆ ಹೊಳೆದದ್ದು ನಿಮ್ಮಲ್ಲಿ ಕಂದಾಗಿ ಕಂಡರೆ ಆದೇಶ ತಪ್ಪಿಲ್ಲ.

ಕೆಂಪು, ಹಸಿರು ಜೋಡಿ ಬೇಡ. ಆ ಎರಡನ್ನೂ ಬೇರ್ಪಡಿಸಿ ನೋಡಲಾಗದ ಕಣ್ಣುಗಳಿವೆ, ಗಂಡಸರಲ್ಲಿ ಹೆಚ್ಚು. ದೊಡ್ಡ ತರಗತಿಯಲ್ಲಿ ಅಂಥ ಒಬ್ಬ ವಿದ್ಯಾರ್ಥಿಯಾದರೂ ಇರುವ ಸಂಭವವಿದೆ, ಎಷ್ಟೋ ಸಲ ಅವನಿಗೇ ಅದು ಗೊತ್ತಿರುವುದಿಲ್ಲ. ಕೂಡುವ ಚಿಹ್ನೆಯ ಮಹಿಮೆ ಇಲ್ಲಿ. ಅದಿದ್ದರೆ ಬಣ್ಣದ ಜೊತೆಗೆ ದಪ್ಪವೂ ಅಡಿಗೆರೆಯೂ ಉಳಿಯುತ್ತವೆ. ಅದಿಲ್ಲದಿದ್ದರೆ ಬಣ್ಣ ಮಾತ್ರ ಉಳಿದು, ಬಣ್ಣ ಕಾಣದವನಿಗೆ ಮೊದಲಿದ್ದ ಗುರುತೂ ಹೋಗುತ್ತದೆ.

ಹುಡುಕಿದ ಪದಕ್ಕೊಂದು ಬಣ್ಣ ಬೇಕೆಂದರೆ ಅದೇ ಸಾಲಿಗೆ ಇನ್ನೊಂದು ತುಂಡು: ಅಡ್ಡಗೆರೆ, ದೊಡ್ಡ ಡಿ, ದೊಡ್ಡ ಎಸ್, ಸಣ್ಣ ಕೆ, ಸಣ್ಣ ವೈ. ಹಳದಿ ಪಟ್ಟಿಯ ಮೇಲೆ ಕಪ್ಪಕ್ಷರ. ಇದು ಕೆಲಸಕ್ಕೆ ಬರುತ್ತದೆ, ಇಟ್ಟುಕೊಳ್ಳಿ. ಅದಕ್ಕಿಂತ ಹೆಚ್ಚಿನ ಬಣ್ಣ ನನಗೆ ಹಿಡಿಸುವುದಿಲ್ಲ. ಏಳೆಂಟು ಬಣ್ಣ ಮೆತ್ತಿದ ಪುಟದಲ್ಲಿ ಯಾವ ಬಣ್ಣಕ್ಕೂ ಅರ್ಥ ಇರುವುದಿಲ್ಲ.

ಅದಕ್ಕೇ ಬ್ಯಾಟ್ ಎಂಬ ಜನಪ್ರಿಯ ಪ್ರೋಗ್ರಾಮಿನ ಬಗ್ಗೆ ನನಗೆ ಅರೆಮನಸ್ಸು. ಉಬುಂಟುವಿನಲ್ಲಿ ಅದರ ಆದೇಶ ಬ್ಯಾಟ್‌ಕ್ಯಾಟ್. ಸುಂದರವಾಗಿ ಬಣ್ಣ ಹಾಕುತ್ತದೆ, ನಿಜ. ಕೈಪಿಡಿಗೆ ಅದನ್ನು ಜೋಡಿಸುವ ಪ್ರಚಲಿತ ವಿಧಾನದಲ್ಲಿ ಮಾತ್ರ ಮೊದಲು ಕಾಲ್ ಎಂಬ ಆದೇಶದಿಂದ ಆ ಎರಡು ಬಡಿತಗಳನ್ನೆಲ್ಲ ಅಳಿಸಿ ಬರೀ ಅಕ್ಷರ ಉಳಿಸುತ್ತಾರೆ, ಆಮೇಲೆ ಬ್ಯಾಟ್ ಆ ಅಕ್ಷರಗಳನ್ನು ನೋಡಿ ಇದು ಆಯ್ಕೆ ಇರಬಹುದು, ಇದು ತಲೆಬರಹ ಇರಬಹುದು ಎಂದು ಊಹಿಸಿ ಬಣ್ಣ ಹಚ್ಚುತ್ತದೆ. ಪುಟ ಬರೆದವರು ಇದನ್ನು ನಕಲು ಮಾಡು, ಇದನ್ನು ತುಂಬು ಎಂದು ಕೈಯಾರೆ ಇಟ್ಟ ಗುರುತನ್ನು ಒರೆಸಿ, ಅದರ ಜಾಗದಲ್ಲಿ ಊಹೆ ಇಡುವುದೇಕೆ? ಮೋಸ್ಟ್ ಎಂಬ ಇನ್ನೊಂದು ಪುಟ ತೋರಿಸುವ ಪ್ರೋಗ್ರಾಂ ಇದೆ. ಅದನ್ನು ಹಾಕಿಕೊಂಡು ಮ್ಯಾನ್‌ಪೇಜರ್=ಮೋಸ್ಟ್ ಎಂದರೆ ಏನೂ ಹೇಳದೆಯೇ ದಪ್ಪಕ್ಕೊಂದು, ಅಡಿಗೆರೆಗೊಂದು ಬಣ್ಣ ಕೊಡುತ್ತದೆ. ಸಾಲುಗಟ್ಟಲೆ ಬರೆಯಲು ಬೇಸರವಿರುವವರಿಗೆ ಇದು ಪರವಾಗಿಲ್ಲ.

ಬ್ಯಾಟ್ ಉಪಯೋಗಕ್ಕೆ ಬರುವ ಕಡೆ ಬೇರೆ. ಆದೇಶದ ಕೊನೆಗೆ --ಹೆಲ್ಪ್ ಎಂದು ಹಾಕಿದರೆ ಬರುವ ಕಿರು ಸಹಾಯ ಸಾಮಾನ್ಯವಾಗಿ ಬರೀ ಅಕ್ಷರ; ದಪ್ಪವಿಲ್ಲ, ಅಡಿಗೆರೆಯಿಲ್ಲ, ಕಳಕೊಳ್ಳಲು ಏನೂ ಇಲ್ಲ. ಅಲ್ಲಿ ಊಹೆಯಾದರೂ ಲಾಭವೇ. ಬ್ಯಾಟ್‌ನ ಹೊಸ ಆವೃತ್ತಿಗಳಿಗೆ -ಎಲ್ ಹೆಲ್ಪ್ ಎಂದು ಹೇಳಿ ಆ ಸಹಾಯವನ್ನು ನೆಟ್ಟಗೆರೆಯ ಕೊಳವೆಯಲ್ಲಿ ಕಳಿಸಿದರೆ ಆಯ್ಕೆಗಳು ಬೇರೆ, ವಿವರಣೆ ಬೇರೆ ಎಂದು ಕಾಣುತ್ತವೆ. ಇನ್ನು ಫೋಲ್ಡರು ಬದಲಿಸುವ ಸಿಡಿಯಂಥ ಕೆಲವು ಆದೇಶಗಳು, ನಾವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಬ್ಯಾಶ್‌ನ ಒಳಗೇ ಇರುವವು, ಅವಕ್ಕೆ ಪ್ರತ್ಯೇಕ ಕೈಪಿಡಿ ಹುಡುಕಿ ದಣಿಯಬೇಡಿ. ಹೆಲ್ಪ್ ಸಿಡಿ ಎಂದು ಕೇಳಬೇಕು.

ಕೈಪಿಡಿಯನ್ನು ಕಾಗದದಲ್ಲೇ ಓದಬೇಕು ಎನ್ನುವವರೂ ಇದ್ದಾರೆ. ಮ್ಯಾನ್ -ಟಿ ಎಲ್‌ಎಸ್ ಎಂದರೆ ಪುಟ ಪೋಸ್ಟ್‌ಸ್ಕ್ರಿಪ್ಟ್ ರೂಪಕ್ಕೆ ಬರುತ್ತದೆ, ಅದನ್ನು ಪಿಎಸ್2ಪಿಡಿಎಫ್ ಆದೇಶಕ್ಕೆ ಕೊಟ್ಟರೆ ಪಿಡಿಎಫ್. ಅಲ್ಲಿ ಅಡಿಗೆರೆಯ ಬದಲು ನಿಜವಾದ ಓರೆ ಅಕ್ಷರ ಇರುತ್ತದೆ. ಮೂಲದಲ್ಲಿ ಅದು ಓರೆಯೇ, ಬಡಪಾಯಿ ಟರ್ಮಿನಲ್ಲಿಗಾಗಿ ಅಡಿಗೆರೆಯಾದದ್ದು.

ಇಷ್ಟು ಓದಿದ ಚುರುಕಿನ ವಿದ್ಯಾರ್ಥಿ ಮುಂದೆ ಕೇಳುವುದು: ನಾನು ಬರೆದ ಪ್ರೋಗ್ರಾಮಿನ ಸಹಾಯಕ್ಕೂ ಬಣ್ಣ ಹಾಕಬಹುದೆ? ಖಂಡಿತ. ಪೈಥಾನ್‌ನಲ್ಲಿ ಬರೆಯುವವರು ಆರ್ಗ್‌ಪಾರ್ಸ್ ಬಳಸಿದರೆ, ಪೈಥಾನ್ 3.14ರಿಂದ ಸಹಾಯದ ಪುಟಕ್ಕೆ ತಾನಾಗಿಯೇ ಬಣ್ಣ ಬರುತ್ತದೆ. 22.04ರಲ್ಲಿರುವುದು 3.10, ಅಲ್ಲಿ ಈ ಭಾಗ್ಯವಿಲ್ಲ. ಶೆಲ್ ಸ್ಕ್ರಿಪ್ಟ್ ಬರೆಯುವವರಿಗೆ ಟಿಪುಟ್ ಇದೆ. ಟಿಪುಟ್ ಬೋಲ್ಡ್ ದಪ್ಪಕ್ಕೆ, ಟಿಪುಟ್ ಸೆಟ್‌ಎಎಫ್ 3 ಹಳದಿಗೆ, 6 ತಿಳಿನೀಲಿಗೆ, ಟಿಪುಟ್ ಎಸ್‌ಜಿಆರ್0 ಎಲ್ಲವನ್ನೂ ಮುಗಿಸಲು. ಎಸ್ಕೇಪ್ ಸಂಕೇತವನ್ನು ನೇರವಾಗಿ ಬರೆಯುವುದಕ್ಕಿಂತ ಇದು ಲೇಸು, ಎದುರಿಗಿರುವ ಟರ್ಮಿನಲ್ ಯಾವುದು ಎಂದು ನೋಡಿ ತಕ್ಕ ಸಂಕೇತ ಕೊಡುತ್ತದೆ.

ಕೈಪಿಡಿಯ ಒಪ್ಪಂದವನ್ನೇ ಇಲ್ಲೂ ಪಾಲಿಸಿ: ಇದ್ದಂತೆ ಬರೆಯಬೇಕಾದದ್ದಕ್ಕೆ ದಪ್ಪ ಹಳದಿ, ತುಂಬಬೇಕಾದದ್ದಕ್ಕೆ ಅಡಿಗೆರೆಯ ನೀಲಿ. ವಿವರಣೆಯನ್ನು ಕನ್ನಡದಲ್ಲಿ ಬರೆಯುವ ಆಸೆ ಇದ್ದರೆ ಎರಡು ಎಚ್ಚರ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಅಳೆದ ಕೋಣೆ ಕೊಡುತ್ತದೆ. ನಮ್ಮ ಒತ್ತು, ದೀರ್ಘ, ಅರ್ಕಾವೊತ್ತು ಆ ಕೋಣೆಗಳಲ್ಲಿ ಹಿಡಿಸದೆ ಕೆಲವು ಟರ್ಮಿನಲ್ಲುಗಳಲ್ಲಿ ಅತ್ತಿತ್ತ ಹೊರಳುತ್ತವೆ. ಆದ್ದರಿಂದ ಬಣ್ಣದ ಸಂಕೇತ ಪದದ ಮೊದಲು ಅಥವಾ ಕೊನೆಗೆ ಮಾತ್ರ ಇರಲಿ, ವ್ಯಂಜನಕ್ಕೂ ಅದರ ಗುಣಿತಕ್ಕೂ ನಡುವೆ ಎಂದೂ ಬೇಡ. ಎರಡನೆಯದು ಸಾಲು ಹೊಂದಿಸುವುದು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ಇಪ್ಪತ್ತು ಅಕ್ಷರದ ಕಂಬ ಎಂದು ಲೆಕ್ಕ ಹಾಕಿ ಜೋಡಿಸಿದರೆ ಕಂಬ ವಾಲುತ್ತದೆ. ಆಯ್ಕೆಯನ್ನು ಒಂದು ಸಾಲಿನಲ್ಲಿ ಬರೆದು, ಕನ್ನಡ ವಿವರಣೆಯನ್ನು ಮುಂದಿನ ಸಾಲಿನಲ್ಲಿ ನಾಲ್ಕು ಜಾಗ ಬಿಟ್ಟು ಶುರುಮಾಡಿದರೆ ಲೆಕ್ಕದ ಗೋಜೇ ಇಲ್ಲ.

ಕೊನೆಯದಾಗಿ, ಬಣ್ಣ ಹಾಕಬಾರದ ಸಮಯ ನಿಮ್ಮ ಪ್ರೋಗ್ರಾಮಿಗೆ ಗೊತ್ತಿರಬೇಕು. ಯಾರಾದರೂ ಆ ಸಹಾಯವನ್ನು ಕಡತಕ್ಕೆ ಉಳಿಸಿದರೆ, ಪ್ರಿಂಟರಿಗೆ ಕಳಿಸಿದರೆ, ಬಣ್ಣದ ಸಂಕೇತಗಳು ಕಸವಾಗಿ ಪುಟದ ತುಂಬ ಬೀಳುತ್ತವೆ. ಬಣ್ಣ ಹಚ್ಚುವ ಮೊದಲು ಎರಡು ಪ್ರಶ್ನೆ ಕೇಳಿಸಿ. ಹೊರಹೋಗುತ್ತಿರುವುದು ಟರ್ಮಿನಲ್ಲಿಗೋ? ಶೆಲ್‌ನಲ್ಲಿ ಇದನ್ನು [ -ಟಿ 1 ] ಎಂದು ಕೇಳುತ್ತಾರೆ, ಆವರಣದ ಒಳಗೆ ಎರಡೂ ಕಡೆ ಖಾಲಿ ಜಾಗ ಕಡ್ಡಾಯ. ಬಳಸುವವರು ನೋ_ಕಲರ್ ಎಂಬ ದೊಡ್ಡಕ್ಷರದ ಚರಾಂಶಕ್ಕೆ ಏನಾದರೂ ಮೌಲ್ಯ ಕೊಟ್ಟಿದ್ದಾರೆಯೆ? ಕೊಟ್ಟಿದ್ದರೆ ಅವರಿಗೆ ಬಣ್ಣ ಬೇಡ ಎಂದರ್ಥ. 2017ರಿಂದ ಹಲವು ಪ್ರೋಗ್ರಾಮುಗಳು ಈ ಮರ್ಯಾದೆ ಪಾಲಿಸುತ್ತ ಬಂದಿವೆ. ಮೊದಲನೆಯದಕ್ಕೆ ಹೌದು, ಎರಡನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಮಾತ್ರ ಟಿಪುಟ್ ಕರೆಯಿರಿ. ಸರಿಯಾಯಿತೆ ಎಂದು ನೋಡಲು ನಿಮ್ಮ ಸ್ಕ್ರಿಪ್ಟಿನ ಸಹಾಯವನ್ನು ಕೊಳವೆಯ ಮೂಲಕ ಕ್ಯಾಟ್ -ವಿಗೆ ಕಳಿಸಿ. ಟೋಪಿ ಗುರುತಿನ ಪಕ್ಕ ಚೌಕ ಆವರಣ ಒಂದಾದರೂ ಕಂಡರೆ ಪರೀಕ್ಷೆ ಎಲ್ಲೋ ತಪ್ಪಿದೆ, ಆ ಸಾಲಿಗೆ ಮರಳಿ ಹೋಗಿ.